ಡ್ರಮ್ಮಿನೊಳಗಿನ ಪೈಪು

ಜೊಹರಾ, ನಿನ್ನ ಚಟ್ನಿ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಡ್ರಮ್ಮಿನ ನೀರು. ಅದು ಗೊತ್ತಿದ್ದೇ ನಾನು ಎಲ್ಲರ ಎದುರು ಸುಳ್ಳು ಹೇಳಿದೆ. ನಡೆದದ್ದು ಇಷ್ಟೇ.

ಇದನ್ನು ಬರೆಯಬೇಡ ಅಂತ ಮಗ ಹೇಳಿದ. "ಒಂಬತ್ತು ವರ್ಷ ಆಯಿತಮ್ಮ, ಖಲಾಸ್. ಈಗ ಕೆದಕಿ ಎಂತ ಸಿಗ್ತದೆ?" ಸಿಗುವುದು ನನಗೆ ಏನೂ ಬೇಡ. ಕಳೆದ ವಾರ ಇಲ್ಲಿಯ ಕನ್ನಡ ಸಂಘದ ಊಟದಲ್ಲಿ ಒಬ್ಬಳು ನಿನ್ನ ಹೆಸರು ಎತ್ತಿ, ಅದೇ ಆ ಬುತ್ತಿಯವಳು, ಎಲ್ಲರ ಹೊಟ್ಟೆ ಕೆಡಿಸಿದವಳು ಅಂದಳು. ಪಕ್ಕದಲ್ಲೇ ಕೂತಿದ್ದ ನಾನು — ಬಾಯಿಗೆ ಇನ್ನೊಂದು ತುತ್ತು ಹಾಕಿಕೊಂಡೆ. ಅದಕ್ಕೇ ಇದು ಸಂಘದ ಸಂಚಿಕೆಗೆ. ಓದಿ ಯಾರು ಮುಖ ತಿರುಗಿಸುತ್ತಾರೋ ತಿರುಗಿಸಲಿ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಳ್ಳಿ. ವಿಷಯ ಮಾತ್ರ ತಿದ್ದಬೇಡಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುವೈತಿನ ರಿಗ್ಗೈಯಲ್ಲಿ ನಾವು ಮೂರನೇ ಮಾಳಿಗೆ, ಜೊಹರಾ ನಮ್ಮ ಕೆಳಗಿನ ಮನೆ. ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು. ಒಂಟಿ ಗಂಡಸರಿಗೆ, ನರ್ಸ್ ಹುಡುಗಿಯರಿಗೆ ಬುತ್ತಿ ಕಟ್ಟುತ್ತಿದ್ದಳು — ನೀರುದೋಸೆ, ಚಟ್ನಿ, ಮೀನು ಸಾರು. ಹನ್ನೊಂದು ಬುತ್ತಿ. ಅವಳ ಗಂಡನನ್ನು ಜನ ಗುರುತಿಸುತ್ತಿದ್ದದ್ದೂ ಅವಳ ಅಡುಗೆಯಿಂದ. ನನಗೂ ದಿನಾ ಒಂದು ಡಬ್ಬಿ ಬರುತ್ತಿತ್ತು, ಪ್ರೀತಿಗೆ.

ನನ್ನ ಬಚ್ಚಲಲ್ಲಿ ಒಂದು ನೀಲಿ ಡ್ರಮ್ಮು. ಇಲ್ಲಿಯ ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕಿಯ ನೀರು ಮೈ ಸುಡುತ್ತದೆ, ಹಿಡಿದಿಟ್ಟು ಆರಿಸಬೇಕು. ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪು ಡ್ರಮ್ಮಿನ ತಳಕ್ಕೆ ಮುಟ್ಟುತ್ತಿತ್ತು. ನೀರು ನಿಂತರೂ ನಾನು ನಲ್ಲಿ ಮುಚ್ಚುತ್ತಿರಲಿಲ್ಲ — ಊರಲ್ಲಿ ಎರಡು ದಿನಕ್ಕೊಮ್ಮೆ ಬರುವ ನೀರಿಗೆ ಕಾದ ಅಭ್ಯಾಸ. ಬಂದಾಗ ತಾನೇ ತುಂಬಲಿ ಅಂತ.

ಆ ದಿನ ಮೊಮ್ಮಗನಿಗೆ ಭೇದಿ. ಸೊಸೆ ಪ್ಯಾಂಪರ್ಸ್ ತಂದಿಟ್ಟಿದ್ದಳು, ನನಗೆ ಅದು ಆಗದು. ಹೊಲಸಾದ ಬಟ್ಟೆಗಳನ್ನು ಆ ಡ್ರಮ್ಮಿಗೇ ಹಾಕಿ ನಲ್ಲಿ ಬಿಟ್ಟೆ. ಅಷ್ಟರಲ್ಲಿ ಟ್ಯಾಂಕಿ ತೊಳೆಯಲು ಮೇಲೆ ನೀರು ನಿಲ್ಲಿಸಿದರು. ಕೆಳಗೆ ನೀನು, ಜೊಹರಾ, ನಲ್ಲಿ ತೆರೆದು ಚಟ್ನಿ ಅರೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಾನು ನೋಡುತ್ತೇನೆ — ಡ್ರಮ್ಮು ಅರ್ಧ ಖಾಲಿ. ಬಟ್ಟೆಯೊಂದು ಪೈಪಿನ ಬಾಯಿಗೆ ಕಚ್ಚಿ ಕೂತಿದೆ. ಎಲ್ಲೋ ಸೋರಿರಬೇಕು ಅಂದುಕೊಂಡೆ.

ಮರುದಿನ ಬುತ್ತಿ ಉಂಡವರಿಗೆಲ್ಲ ವಾಂತಿ, ಭೇದಿ. ಮಧ್ಯಾಹ್ನ ಬೇರೇನೋ ರಿಪೇರಿಗೆ ಬಂದ ಮಲಯಾಳಿ ಪ್ಲಂಬರ್ ನನ್ನ ಬಚ್ಚಲು ನೋಡಿ ತಲೆ ಮೇಲೆ ಕೈ ಇಟ್ಟ. ಮೇಲೆ ನೀರು ನಿಂತಾಗ ಕೆಳಗಿನವರು ನಲ್ಲಿ ತೆರೆದರೆ ಡ್ರಮ್ಮಿನ ನೀರೆಲ್ಲ ಪೈಪಿನಲ್ಲಿ ಹಿಂದಕ್ಕೆ ಎಳೆದುಕೊಂಡು ಅವರ ನಲ್ಲಿಗೆ ಇಳಿಯುತ್ತದೆ ಅಂದ. ಪೈಪಿನ ಬಾಯಿ ನೀರಿಗೆ ಮುಟ್ಟಬಾರದು, ಡ್ರಮ್ಮಿನ ಅಂಚಿಗಿಂತ ಒಂದು ಗೇಣು ಮೇಲಿರಬೇಕು ಅಂತ ಕೈ ಅಳತೆ ಮಾಡಿ ತೋರಿಸಿದ. ನನಗೆ ಅರ್ಥವಾಯಿತು. ಓದಿಲ್ಲದ ಮುದುಕಿ, ಅವಳಿಗೇನು ತಿಳಿಯಬೇಕು — ಆ ನೆಪವನ್ನು ಯಾರೂ ನನಗೆ ಕೊಡಬೇಡಿ.

ಸಂಜೆ ಮೆಟ್ಟಿಲ ಹತ್ತಿರ ಹೆಂಗಸರು ನಿನ್ನನ್ನು ಸುತ್ತುವರಿದಿದ್ದರು. ನೀನು ನನ್ನ ಕಡೆ ತಿರುಗಿದೆ.

"ಅಮ್ಮ, ನೀವೂ ತಿಂದಿದ್ದೀರಲ್ಲ. ನೀವೇ ಹೇಳಿ."

"ನನಗೂ ಚಟ್ನಿ ಸ್ವಲ್ಪ ಹಳಸಿದ ಹಾಗೆ ಅನ್ನಿಸಿತು ಮಾರಾಯ್ತಿ," ಅಂದೆ.

ನಾನು ಆ ಚಟ್ನಿ ಮುಟ್ಟಿಯೇ ಇರಲಿಲ್ಲ. ಡ್ರಮ್ಮಿನ ವಿಷಯ ಹೊರಗೆ ಬಂದು ಸೊಸೆಯ ಎದುರು ಸಣ್ಣವಳಾಗಬಾರದು, ಅಷ್ಟಕ್ಕೇ ಹೇಳಿದ್ದು. ಮತ್ತೆ ಆ "ಮಾರಾಯ್ತಿ" ಅನ್ನುವ ಮಾತು — ಎಷ್ಟು ಮೆತ್ತಗೆ ಹೇಳಿದ್ದೆ.

ವಾರದೊಳಗೆ ಹನ್ನೊಂದರಲ್ಲಿ ಒಂದು ಬುತ್ತಿಯೂ ಉಳಿಯಲಿಲ್ಲ. ತಿಂಗಳು ತುಂಬುವ ಮೊದಲು ನೀವು ಗಂಡ ಹೆಂಡತಿ ಮನೆ ಖಾಲಿ ಮಾಡಿ ದೂರದ ಅಹ್ಮದಿ ಕಡೆ ಹೋದಿರಿ. ಕ್ಷಮಿಸು ಅಂತ ಕೇಳುವುದಿಲ್ಲ. ಕ್ಷಮಿಸಿದರೆ ನನಗೆ ಹಗುರ, ನಿನಗೆ ಎಂತ ಬಂತು? ಇನ್ನು ಮೇಲೆ ನಿನ್ನ ಹೆಸರು ಎತ್ತುವವರು ಮೊದಲು ನನ್ನ ಹೆಸರು ಎತ್ತಲಿ.

ಆ ಸುಳ್ಳಿನ ಮಾರನೇ ಬೆಳಿಗ್ಗೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಸೊಸೆ ಏಳುವ ಮೊದಲೇ ಮೀನಿನ ಕತ್ತಿಯಿಂದ ಪೈಪು ಕೊಯ್ದೆ, ಡ್ರಮ್ಮಿನ ಅಂಚಿಗಿಂತ ಸರಿಯಾಗಿ ಒಂದು ಗೇಣು ಮೇಲೆ. ತುಂಡನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ನಾನು ಮುಟ್ಟದ ಆ ಚಟ್ನಿಯನ್ನು ಸಿಂಕಿಗೆ ಚೆಲ್ಲಿ, ಡಬ್ಬಿ ತೊಳೆದು, ನಿನ್ನ ಬಾಗಿಲ ಮುಂದಿಟ್ಟು ಬೆಲ್ ಒತ್ತಿದೆ. ನೀನು ಬಾಗಿಲು ತೆರೆಯುವ ಮೊದಲೇ ಮೆಟ್ಟಿಲು ಹತ್ತಿ ಬಂದೆ.