ನವಮಿಯ ಸಂಜೆ ಹೊರಟ ಕನ್ನಡ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿದ್ದವು. ನನ್ನ ನಾದಿನಿ ಪುಣೆಯ ನಮ್ಮ ಮನೆಯಲ್ಲಿದ್ದು ಕಂಪ್ಯೂಟರ್ ಓದುತ್ತಿದ್ದಳು. ದೇಶದೇಶದವರು ಕೂಡಿ, ಯಾರಿಂದಲೂ ಕಾಸು ಕೇಳದೆ ಕಟ್ಟುತ್ತಿದ್ದ ಒಂದು ಡೇಟಾಬೇಸ್ ತಂತ್ರಾಂಶಕ್ಕೆ ಅವಳೂ ಕೈಜೋಡಿಸಿದ್ದಳು. ಗ್ರಂಥಾಲಯದ ಪುಸ್ತಕಗಳಿರಲಿ, ದವಾಖಾನೆಯ ಚೀಟಿಗಳಿರಲಿ, ಪಟ್ಟಿ ಮಾಡಿಟ್ಟು ಬೇಕೆಂದಾಗ ಹುಡುಕಿಕೊಡುವ ಸಾಧನ ಅದು. ಪರದೆಯ ಮೇಲಿನ ಅದರ ಗುಂಡಿಗಳಲ್ಲಿ ಎಷ್ಟೋ ಭಾಷೆಗಳಿದ್ದವು, ಕನ್ನಡ ಇರಲಿಲ್ಲ.

"ವೈನಿ, ನೀವು ಹೇಳ್ರಿ, ನಾ ಬರಕೋತೀನಿ. ನಂದು ಅರ್ಧ ಮರಾಠಿ ಆಗ್ಯದ," ಅಂದಳು.

ನಾನು ಚಪಾತಿ ಲಟ್ಟಿಸುತ್ತ ಹೇಳುತ್ತಿದ್ದೆ: ತೆರೆ, ಉಳಿಸು, ಹುಡುಕು, ಸಾಲು ಸೇರಿಸು. ಸಂಜೆ ದೇವರ ಮುಂದೆ ಸ್ತೋತ್ರ ಮುಗಿದ ಮೇಲೆ ಅದೇ ರಾಗದಲ್ಲಿ ಈ ಪದಗಳನ್ನೂ ಹೇಳಿಬಿಡುತ್ತಿದ್ದೆ. ಊದಿನಕಡ್ಡಿಯ ಹೊಗೆಯ ಜೊತೆ ಅವೂ ಕಿಟಕಿ ದಾಟಿ, ನಾನೆಂದೂ ನೋಡದ ಊರುಗಳಿಗೆ ತೇಲಿಹೋದಂತೆ ಅನಿಸುತ್ತಿತ್ತು.

ನವಮಿಯ ದಿನ ನಡೆದ ತಪ್ಪು ನನ್ನದೇ. ಹೋಳಿಗೆಯ ಗಡಿಬಿಡಿಯಲ್ಲೇ ಆಯುಧಪೂಜೆ ಮುಗಿಸಿದೆ. ಈಳಿಗೆ, ಹೊಲಿಗೆ ಯಂತ್ರ, ಜೊತೆಗೆ ಕಂಪ್ಯೂಟರಿಗೂ ಕುಂಕುಮ, ಚೆಂಡುಹೂವಿನ ಮಾಲೆ. ನಾದಿನಿ ಪದ ಬರೆದಿಟ್ಟ ವಹಿ ಪುಸ್ತಕ ಸರಸ್ವತಿಯ ಮುಂದೆ. ಪೂಜೆಗಿಟ್ಟದ್ದನ್ನು ದಶಮಿಯ ಬೆಳಿಗ್ಗೆ ಕದಲಿಸುವವರೆಗೆ ನಮ್ಮಲ್ಲಿ ಮುಟ್ಟುವುದಿಲ್ಲ.

ಕಾಲೇಜಿನಿಂದ ಬಂದ ನಾದಿನಿ ಬಾಗಿಲಲ್ಲೇ ನಿಂತಳು. "ವೈನಿ! ಇವತ್ತ ಸಂಜೀ ಒಳಗ ಪದ ಎಲ್ಲಾ ಕಳಸಬೇಕಿತ್ತ್ರಿ. ಇಲ್ಲಾಂದ್ರ ಈ ಸಲ ಕನ್ನಡ ಬಿಟ್ಟೇ ಹೊರಗ ತರ್ತಾರ."

"ಮೊದಲ ಹೇಳಬಾರದೇನವ್ವಾ?"

"ನಿನ್ನೆ ಹೇಳಿದ್ನೆಲ್ರೀ! ನೀವು ಬ್ಯಾಳಿ ತಿರುವಿಕೋತ ಹೂಂ ಅಂದ್ರಿ."

ಮೂರು ತಿಂಗಳ ಅವಳ ದುಡಿಮೆ. ಆದರೂ ಅವಳು ಕಂಪ್ಯೂಟರ್ ಮುಟ್ಟಲಿಲ್ಲ; ಕಣ್ಣು ಮಾತ್ರ ತುಂಬಿದವು. ಮುಟ್ಟು ಅನ್ನಲು ನನಗೆ ಬಾಯಿ ಬರಲಿಲ್ಲ. ಸರಸ್ವತಿ ತಾಯಿಯನ್ನು ನೋಡುತ್ತ ನಿಂತೆ. ಆಮೇಲೆ ಹೊಳೆಯಿತು.

"ಎಲ್ಲಾ ನನ್ನ ಬಾಯಾಗ ಅದಾವ. ನಡಿ, ಎಲ್ಲೆರೆ ಕೂತು ಬರಿ."

ಇಲ್ಲಿಯವರು ಆಯುಧಗಳನ್ನು ಪೂಜಿಸುವುದು ಮರುದಿನ, ದಸರಾಕ್ಕೆ. ದೇವರ ಕೃಪೆ, ಓಣಿಯ ಸೈಬರ್ ಕೆಫೆ ತೆರೆದಿತ್ತು. ನಾನು ಕಣ್ಣುಮುಚ್ಚಿ, ಸಣ್ಣಗೆ ರಾಗ ಹಿಡಿದು ಒಂದೊಂದೇ ಪದ ಹೇಳಿದೆ. ರಾಗ ಬಿಟ್ಟರೆ ಪದ ತಪ್ಪುತ್ತಿತ್ತು. ಕೆಫೆಯವನು ಇಣುಕಿ, "ಕಾಕೂ, ಆರತೀ ಆಹೇ ಕಾ?" ಆರತಿಯೇನು ಎಂದು ಮರಾಠಿಯಲ್ಲಿ ಕೇಳಿ ನಕ್ಕ.

"ಹೋ, ಪ್ರಸಾದ್ ನಂತರ್," ಹೌದು, ಪ್ರಸಾದ ಆಮೇಲೆ ಅಂತ ನಾನೂ ಅಂದೆ.

ಆ ಕಂಪ್ಯೂಟರಿನಲ್ಲಿ ಕನ್ನಡ ತೋರಿಸುವ ಫಾಂಟೇ ಇರಲಿಲ್ಲ. ಅವಳು ಟೈಪ್ ಮಾಡಿದ್ದೆಲ್ಲ ಪರದೆಯ ಮೇಲೆ ಖಾಲಿ ಚೌಕಗಳಾಗಿ ಬೀಳುತ್ತಿತ್ತು. "ಸರಿ ಹೊಂಟದೋ ಇಲ್ಲೋ ತಿಳೀವಲ್ದು ವೈನಿ," ಅಂದಳು. ಸಾಲು ಸಾಲು ಚೌಕಗಳು, ದೀಪ ಹಚ್ಚುವ ಮೊದಲಿನ ಗೂಡುಗಳ ಹಾಗೆ. ಹಾಗೇ ಕಳಿಸಿದೆವು.

ಆ ರಾತ್ರಿ ನನ್ನ ಕನಸಿನ ತುಂಬ ಅವೇ ಗೂಡುಗಳು. ದಶಮಿಯ ಬೆಳಿಗ್ಗೆ ಪೂಜೆ ಕದಲಿಸಿ ನಮ್ಮ ಕಂಪ್ಯೂಟರ್ ಹಚ್ಚಿದೆವು. ಕಳಿಸಿದ ಪತ್ರದಲ್ಲಿ ಚೌಕವಿಲ್ಲ, ದುಂಡಗೆ ಕನ್ನಡ. ಕೆಳಗೆ ಪರದೇಶದಿಂದ ಒಂದೇ ಸಾಲಿನ ಉತ್ತರ: ಸೇರಿಸಿದ್ದೇವೆ, ವಂದನೆಗಳು.

ತಂತ್ರಾಂಶ ಹೊರಬಂದಾಗ ನಾದಿನಿ ನನ್ನನ್ನೇ ಮೊದಲು ಕೂರಿಸಿದಳು. ನಾನು ಮರೆತಿದ್ದ ಮೂರು ಗುಂಡಿಗಳು ಇಂಗ್ಲಿಷಿನಲ್ಲೇ ಉಳಿದಿದ್ದವು. "ಇರಲಿ ಬಿಡ್ರಿ, ಮುಂದಿನ ಸಲ," ಅಂದಳು. ನಾನು ಏನೂ ಬರೆಯದೆ ಸುಮ್ಮನೆ 'ಹುಡುಕು' ಒತ್ತಿದೆ. 'ಏನೂ ಸಿಗಲಿಲ್ಲ' ಎಂದು ನನ್ನದೇ ಮಾತಿನಲ್ಲಿ ಉತ್ತರ ಬಂತು. ಮತ್ತೊಮ್ಮೆ ಒತ್ತಿದೆ.