ಮೆಹಂದಿ ಹಚ್ಚಿದ ಕುದುರೆ

ಬಿಳಿ ಕುದುರೆ ಹುಟ್ಟುವಾಗ ಬಿಳಿಯಾಗಿರುವುದಿಲ್ಲ. ನಮ್ಮದು ಮನೆಗೆ ಬಂದಾಗ ಒಲೆಯ ಬೂದಿಯ ಬಣ್ಣಕ್ಕಿತ್ತು. ವರ್ಷ ಕಳೆದಂತೆ ತಿಳಿಯಾಗುತ್ತ ಹೋಗಿ, ಹಲ್ಲು ಸವೆಯುವ ವಯಸ್ಸಿಗೆ ಪೂರ್ತಿ ಬೆಳ್ಳಗಾಯಿತು. "ನಾವು ಮುದುಕರಾದ್ರ ಯಾರೂ ಕೇಳಂಗಿಲ್ಲ. ಈಕಿ ಮುದುಕಿ ಆದಷ್ಟೂ ಗಿರಾಕಿ ಹೆಚ್ಚು," ಎಂದು ನನ್ನ ಗಂಡ ನಗುತ್ತಿದ್ದ. ವಿಜಯಪುರದಿಂದ ಬಂದು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವನು, ಮದುವೆಯ ಸೀಸನ್ ಬಂತೆಂದರೆ ಕುದುರೆ ಹಿಡಿದು ಡೊಂಬಿವಲಿ, ಠಾಣೆಯವರೆಗೆ ವರನ ಮೆರವಣಿಗೆಗೆ ಹೋಗುತ್ತಿದ್ದ. ಅದಕ್ಕೆ ಹೆಸರಿಟ್ಟಿರಲಿಲ್ಲ. ನಮ್ಮ ಮನೆಯಲ್ಲಿ 'ಆಕಿ' ಎಂದರೆ ಕುದುರೆ, ನಾನಲ್ಲ.

ಒಂದು ಮಳೆಗಾಲದಲ್ಲಿ ಜ್ವರ ಬಂದು ಆತ ತೀರಿಕೊಂಡ. ಆಕಿ ಉಳಿದಳು.

ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯಿದೆ. ಇಲ್ಲಿ ಕಾಲುನೋವು ಇದ್ದದ್ದು ಕುದುರೆಗೇ. ಡಾಂಬರಿನ ಮೇಲೆ ಬ್ಯಾಂಡಿನ ತಾಳಕ್ಕೆ ಕುಣಿದು ಕುಣಿದು ಮುಂಗಾಲಿನ ಮೊಣಕಾಲು ಊದಿತ್ತು. ಇನ್ನೊಂದು ಸೀಸನ್ ಕುಣಿಸಿದರೆ ಕಾಲು ಹೋಯಿತೆಂದೇ ಲೆಕ್ಕ ಎಂದು ಪಶುವೈದ್ಯರು ಹೇಳಿದ್ದರು. ಕುಣಿಸುವ ಮಾತಂತೂ ಇರಲಿಲ್ಲ. ಆದರೆ ಇಟ್ಟುಕೊಳ್ಳಲೂ ಜಾಗವಿರಲಿಲ್ಲ. ನಾವಿದ್ದ ಚಾಳಿನ ಹಿಂದೆ ಆಕೆಯನ್ನು ಕಟ್ಟುತ್ತಿದ್ದ ತುಂಡು ನೆಲದಲ್ಲಿ ಬಿಲ್ಡಿಂಗ್ ಬರುವುದಿತ್ತು, ಮಳೆಗೆ ಮುಂಚೆ ಖಾಲಿ ಮಾಡಿ ಎಂದಿದ್ದರು. ಹಗಲೆಲ್ಲ ಬ್ಲೌಸ್ ಹೊಲಿದು, ಸಂಜೆ ಹುಲ್ಲು ತಂದು, ಲದ್ದಿ ಬಳಿದು, ಅಕ್ಕಪಕ್ಕದವರಿಂದ ನೊಣದ ಬಗ್ಗೆ ಬೈಸಿಕೊಂಡು ನಾನು ಸೋತಿದ್ದೆ. ವಾಶಿಯಲ್ಲಿ ಕೆಲಸಕ್ಕೆ ಹೋಗುವ ಮಗಳಿಗೆ ನನ್ನ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. "ಮಮ್ಮೀ, ದೇ ದೋ ನಾ ಕಿಸೀಕೋ ಭೀ," ಎಂದಳು. ಯಾರಿಗಾದರೂ ಕೊಟ್ಟುಬಿಡು ಅಂತ. ಆ 'ಯಾರಿಗಾದರೂ' ಎನ್ನುವುದೇ ನನ್ನ ತೊಂದರೆಯಾಗಿತ್ತು.

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅನ್ನುತ್ತಾರೆ. ಕುದುರೆಯನ್ನು ಪುಕ್ಕಟೆ ಕೊಡುತ್ತೇನೆಂಬ ಸುದ್ದಿ ಕೇಳಿ ಬಂದವರಲ್ಲಿ ಒಬ್ಬರಾದರೂ ಹಲ್ಲು ಹಿಡಿದು ನೋಡಿದ್ದರೆ ನನಗೆ ಸಂತೋಷವಾಗುತ್ತಿತ್ತು. ಠಾಣೆ ಹತ್ತಿರದ ದಿವಾದಿಂದ ಬಂದ ಬ್ಯಾಂಡಿನವನು, ಕಲಬುರಗಿ ಕಡೆಯವನು, ಕುತ್ತಿಗೆ ಸವರಿ, "ಅಕ್ಕಾ, ಮಾಲ್ ಏಕದಂ ಪ್ಯೂರ್ ವೈಟ್ ಅದ. ಚೆನ್ನಾಗಿ ನೋಡ್ಕೋತೀನಿ," ಎಂದ. ಕಾಲು ತೋರಿಸಿದೆ. "ಅದೇನ್ ಮಹಾ, ಇಂಜೆಕ್ಷನ್ ಕೊಟ್ರ ನಡೀತದ," ಎಂದ. ಅವನನ್ನು ಕಳಿಸಿದ ಮೇಲೆ ನವಿ ಮುಂಬೈಯಲ್ಲಿರುವ ಬೆಂಗಳೂರಿನ ಸಾಹೇಬರೊಬ್ಬರು ಬಂದರು. ಪನ್ವೇಲ್ ಆಚೆ ಅವರದೊಂದು ಫಾರ್ಮ್‌ಹೌಸ್ ಇತ್ತಂತೆ. ಹುಲ್ಲುಗಾವಲಿನ ಫೋಟೊ ತೋರಿಸಿದರು, ಕಾಲಿನ ಬಗ್ಗೆ ಮರುಗಿದರು, ನಾನು ಆಗಲೇ ಮನಸ್ಸಿನಲ್ಲಿ ಹೂಂ ಅಂದುಬಿಟ್ಟಿದ್ದೆ. ಹೊರಡುವಾಗ, "ತಮ್ಮನ ಮದುವೆ ಇದೆ ಡಿಸೆಂಬರಲ್ಲಿ. ಅದೊಂದೇ ದಿನ ಅಷ್ಟೇ ಮೇಡಂ," ಎಂದರು. ಅವರಿಗೆ ಇಬ್ಬರು ತಮ್ಮಂದಿರೋ ನಾಲ್ವರೋ ಎಂದು ಕೇಳುವಷ್ಟು ತ್ರಾಣವೂ ನನ್ನಲ್ಲಿ ಇರಲಿಲ್ಲ. ಬೇಡ ಎನ್ನುವುದೂ ಒಂದು ದುಡಿಮೆ, ಮೈ ನೋಯುತ್ತದೆ.

ಎಲ್ಲರ ಕಣ್ಣೂ ಆ ಬಿಳಿಯ ಮೇಲೆ. ಹಾಗಾದರೆ ಬಿಳಿಯೇ ಇರದಂತೆ ಮಾಡಿದರೆ?

ಮದುವೆಯ ಹಿಂದಿನ ದಿನ ಕುದುರೆಯ ಬಾಲಕ್ಕೆ, ಕಾಲಿಗೆ ಮೆಹಂದಿ ಹಚ್ಚುವುದು ನಮ್ಮ ದಂಧೆಯ ಪದ್ಧತಿ. ಗಂಡ ತಂದಿಟ್ಟ ಪುಡಿ ಟ್ರಂಕಿನಲ್ಲಿ ಹಾಗೇ ಇತ್ತು. ಒಂದು ಭಾನುವಾರ ಅಷ್ಟನ್ನೂ ಚಹಾದ ಡಿಕಾಕ್ಷನ್ನಿನಲ್ಲಿ ಕಲಸಿ, ಆಕೆಯ ಮೈಗೆಲ್ಲ ಮೆತ್ತತೊಡಗಿದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದೆ, ಅರ್ಧದಲ್ಲೇ ಹರಿಯಿತು. ಹರಿದರೆ ಹರಿಯಲಿ ಎಂದು ಬರಿಗೈಯಲ್ಲೇ ಹಚ್ಚಿದೆ. ಮೊದಲ ಹಿಡಿ ಮೆತ್ತಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆಕೆ ಕಿವಿ ನಿಮಿರಿಸಿ, ಊದಿದ ಮುಂಗಾಲನ್ನು ಮೇಲೆತ್ತಿ ಮಡಚಿ ನಿಂತಿದ್ದಳು. ಮೆಹಂದಿ ಬಂತೆಂದರೆ ನಾಳೆ ಮದುವೆ, ಕುಣಿಯಬೇಕು. ಆಕೆಗೆ ಗೊತ್ತಿದ್ದದ್ದು ಅಷ್ಟೇ. ಗಂಡ ಸತ್ತಾಗ ಬಂದ ಜನರ ನಡುವೆ ನನಗೆ ಸರಿಯಾಗಿ ಅಳಲು ಆಗಿರಲಿಲ್ಲ. ಅಂದು ಆ ಕಾಲನ್ನು ಹಿಡಿದುಕೊಂಡು ಅತ್ತೆ.

ತೊಳೆದ ಮೇಲೆ ಆಕೆ ಅಲ್ಲಲ್ಲಿ ಕಿತ್ತಳೆ, ಅಲ್ಲಲ್ಲಿ ತುಕ್ಕಿನ ಬಣ್ಣವಾಗಿ, ಯಾವ ಜಾತಿಯ ಪ್ರಾಣಿ ಎಂದು ಕೇಳುವಂತಾಗಿದ್ದಳು. ನನ್ನ ಅಂಗೈ ಹೊಸ ಮದುವಣಗಿತ್ತಿಯ ಕೈಯಂತೆ ಕೆಂಪಗಾಗಿತ್ತು. ಗಂಡ ಹೋದವಳು ಮೆಹಂದಿ ಹಚ್ಚಿಕೊಳ್ಳುವುದಿಲ್ಲ. ಮರುದಿನ ನಳದ ಹತ್ತಿರ ಕೊಡ ಇಟ್ಟು ನಿಂತಾಗ ನಮ್ಮೂರ ಕಡೆಯ ಒಬ್ಬಳು, "ಏನವ್ವಾ, ಯಾರ ಲಗ್ನ?" ಎಂದಳು. "ಕುದುರೀದು," ಎಂದೆ. ಉಳಿದವರು ನಕ್ಕರು. ನಾನು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ, ಬಣ್ಣ ಹೋಗುವವರೆಗೂ ಹಾಗೇ ಓಡಾಡಿದೆ. ಉಪಾಯವೇನೋ ಫಲಿಸಿತು. ದಿವಾದವನು ಇನ್ನೊಮ್ಮೆ ಬಂದು, ಬಾಗಿಲಲ್ಲೇ ನಿಂತು ನಕ್ಕು, ಚಹಾ ಕುಡಿದು ಹೋದ. ಆಮೇಲೆ ಯಾರೂ ಬರಲಿಲ್ಲ. ಈಗ ಕುದುರೆಯನ್ನು ಯಾರೂ ಕೇಳುವುದಿಲ್ಲವಲ್ಲ ಎಂಬುದೇ ಹೊಸ ಚಿಂತೆಯಾಯಿತು.

ಕೊನೆಗೆ ಬಂದವಳು ಟಿಟ್ವಾಳಾದವಳು. ಕರಾವಳಿಯಿಂದ ಬಂದು, ಊರಾಚೆ ಸ್ವಲ್ಪ ನೆಲ ಹಿಡಿದು, ಗಣಪತಿ ಗುಡಿಯ ಮುಂದೆ ಮಾರಲು ಗರಿಕೆ, ಮಲ್ಲಿಗೆ ಬೆಳೆಯುತ್ತಿದ್ದಳು. ನನ್ನಷ್ಟೇ ವಯಸ್ಸು. ಆಕೆಗೆ ಬೇಕಾಗಿದ್ದದ್ದು ಕುದುರೆಯಲ್ಲ, ಲದ್ದಿ.

"ಮಲ್ಲಿಗೆಗೆ ಲದ್ದಿ ಒಳ್ಳೆಯದು ಮಾರಾಯ್ರೆ. ಅದಕ್ಕೆ ತಿನ್ನಲಿಕ್ಕೆ ಎಂಥ ಕೊಡುವುದು?"

ತಿನ್ನಲು ಏನೆಂದು ಕೇಳಿದವಳು ಆಕೆ ಒಬ್ಬಳೇ. ಹೇಳಿದೆ. ಆಮೇಲೆ ಆಕೆ ಕುದುರೆಯ ಹೊಟ್ಟೆಯ ಬಳಿ ಬೆರಳಿನಿಂದ ಕೂದಲು ಬಿಡಿಸಿ ನೋಡಿ, "ಒಳಗೆ ಬಿಳಿ ಉಂಟು," ಎಂದಳು. ಮುಚ್ಚಿಡಲು ಮನಸ್ಸಾಗದೆ ಎಲ್ಲವನ್ನೂ ಹೇಳಿದೆ: ಮದುವೆ, ಮೊಣಕಾಲು, ಬ್ಯಾಂಡಿನವರು, ಮೆಹಂದಿ.

"ಬಿಳಿ ಇದ್ದರೆ ಇರಲಿ. ಲದ್ದಿಗೆ ಬಣ್ಣ ಇಲ್ಲವಲ್ಲ," ಎಂದಳು.

ಮಳೆಗೆ ಮುಂಚೆ ಟೆಂಪೋ ಬಂತು. ಆಕಿ ತಕರಾರಿಲ್ಲದೆ ಹತ್ತಿದಳು. ಮದುವೆಗೆ ಹೋಗುವಾಗಲೂ ಟೆಂಪೋದಲ್ಲೇ ಹೋಗಿ ರೂಢಿ, ಮರಳಿ ಬರುವೆನೆಂದೇ ಅಂದುಕೊಂಡಿರಬೇಕು. ನಾನು ಒಳಗೆ ಹೋಗಿ ಮಲಗಿ, ಹಗಲೇ ನಿದ್ದೆ ಮಾಡಿದೆ. ಎದ್ದವಳು ಅಭ್ಯಾಸಬಲದಿಂದ ಬಕೆಟ್ ನೀರು ತುಂಬಿಸಿಕೊಂಡು ಹಿಂದೆ ಹೋಗಿ ನಿಂತಿದ್ದೆ.

ಆಮೇಲೆ ಹೋಗಿ ನೋಡಲು ಧೈರ್ಯವಾಗಲಿಲ್ಲ. ಮಳೆಗಾಲ ಕಳೆದರೆ ಕುದುರೆಯ ಹಳೆಯ ಕೂದಲು ಉದುರಿ ಹೊಸದು ಬರುತ್ತದೆ. ಮೆಹಂದಿ ಎಷ್ಟು ದಿನ ಕಾಯುತ್ತದೆ? ದೀಪಾವಳಿಯಾಯಿತು, ತುಳಸಿ ಲಗ್ನವಾಯಿತು, ಕಲ್ಯಾಣದ ಬೀದಿಗಳಲ್ಲಿ ಬ್ಯಾಂಡು ಶುರುವಾಯಿತು. ಅದರ ಸದ್ದು ಕೇಳಿದಾಗಲೆಲ್ಲ ಹೊಲಿಗೆ ಮಿಷನ್ ನಿಲ್ಲಿಸಿ ಕಿಟಕಿಗೆ ಹೋಗುತ್ತಿದ್ದೆ. ವರನನ್ನು ಹೊತ್ತು ಬರುತ್ತಿದ್ದದ್ದು ಬೇರೆ ಯಾವುದೋ ಕುದುರೆ. ಆದರೂ ಅದರ ಕಾಲು ನೋಡದೆ ಇರಲು ಆಗುತ್ತಿರಲಿಲ್ಲ. ಹೀಗೆ ದಿನಾ ಸಾಯುವುದಕ್ಕಿಂತ ಒಮ್ಮೆ ನೋಡಿಬಿಡುವುದು ಮೇಲೆಂದು ಒಂದು ಬೆಳಿಗ್ಗೆ ಟಿಟ್ವಾಳಾ ಲೋಕಲ್ ಹತ್ತಿದೆ.

ರಿಕ್ಷಾ ಇಳಿದು ಬೇಲಿಯ ಹತ್ತಿರ ನಡೆದೆ. ಮಲ್ಲಿಗೆ ಪಾತಿಯ ಆಚೆ, ಮಾವಿನ ಮರದ ಕೆಳಗೆ ಆಕಿ ಇದ್ದಳು. ಮೈ ತುಂಬಿಕೊಂಡಿತ್ತು. ಬೆನ್ನೆಲ್ಲ ಕಿತ್ತಳೆ. ಹೊಸ ಕೂದಲಿನ ಮೇಲೆ, ಇನ್ನೂ ಹಸಿಯಾಗಿ.

ಗರಿಕೆ ಮಾರುವಾಕೆ ಬಕೆಟ್ ಹಿಡಿದು ಮರದ ಹಿಂದಿನಿಂದ ಬಂದಳು. ಮೊಣಕೈಯವರೆಗೂ ಕೆಂಪು.

"ಬಿಳಿ ಬಂದದ್ದೇ ಬಂದದ್ದು, ಬ್ಯಾಂಡಿನವರು ಬೇಲಿ ಹತ್ತಿರ ಬಂದು ನಿಲ್ಲುವುದು. ಬೇಡ ಬೇಡ ಎಂದು ಹೇಳಿ ಸಾಕಾಯಿತು," ಎಂದಳು. ಆಕೆಯ ಕುತ್ತಿಗೆಯಲ್ಲೂ ತಾಳಿ ಇಲ್ಲದ್ದು ಅಂದೇ ನನ್ನ ಗಮನಕ್ಕೆ ಬಂತು.

"ಹಚ್ಚುವಾಗ ಕಾಲು ಎತ್ತಿದಳೇನು?" ಎಂದು ಕೇಳಿದೆ.

"ಎತ್ತಿತು. ಮದುವೆ ಇಲ್ಲ ಮಗಾ ಎಂದು ಹಿಡಿದು ಕೆಳಗೆ ಇಟ್ಟೆ. ಮತ್ತೆ ಎತ್ತಲಿಲ್ಲ."

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಆಕೆ ಚಹಾ ಇಡುತ್ತೇನೆ ಎಂದಳು. ಬಾಲಕ್ಕೆ ಹಚ್ಚುವುದು ಇನ್ನೂ ಬಾಕಿಯಿತ್ತು, ಬಕೆಟ್ಟಿನಲ್ಲಿ ಅಷ್ಟು ಉಳಿದಿತ್ತು. ಚಹಾ ಆಮೇಲೆ ಎಂದು ಎದ್ದು, ಸೆರಗು ಸಿಕ್ಕಿಸಿ, ಎರಡೂ ಕೈಗಳನ್ನು ಬಕೆಟ್ಟಿಗೆ ಹಾಕಿದೆ.