ಒಂದು ನಿಮಿಷ ತಡವಾಗಿ ಬರುವ ದನಿ

ಬಿತ್ತರವಾಗುವ ಒಂದೇ ದನಿಯನ್ನು ಚುರುಕಾದ ಜಾಲವಿರುವವರಿಗೆ ತುಂಬಿಯೂ, ಹಳೆಯ ಫೋನಿನವರಿಗೆ ತೆಳುವಾಗಿಸಿಯೂ, ಹಲವು ರೂಪಗಳಲ್ಲಿ ತಲುಪಿಸುವ ಅಂತರ್ಜಾಲ ರೇಡಿಯೋದ ಮರೆಯ ಕೆಲಸದಲ್ಲಿ ತಲೆ ನರೆಸಿಕೊಂಡವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ತಂತ್ರಜ್ಞೆ. ದನಿಯನ್ನು ಸೋಸುವವರಾದ್ದರಿಂದ ನಿಲಯದಲ್ಲಿ ಅವರು ‘ಜರಡಿ ಮೇಡಂ’. ಸೋಸಿದಷ್ಟೂ ತಡ, ತೀರ ತೆಳುವಾದ ಧಾರೆ ಕೇಳುಗರ ಮನೆ ಮುಟ್ಟುವುದು ಒಂದು ನಿಮಿಷಕ್ಕೂ ಹೆಚ್ಚು ಹಿಂದುಳಿದು.

ದನಿ ಸೋಸುವ ಕಿಟಕಿಯಿಲ್ಲದ ಕೋಣೆಗೆ ಅವರು ಬಂದಾಗ ಇದ್ದದ್ದು ಎರಡು ಕಂಪ್ಯೂಟರು, ಒಂದು ಕುಂಟು ಕುರ್ಚಿ. ಯಾರ ಮಗುವಿಗೆ ಜ್ವರ ಬಂದರೂ ಆ ಪಾಳಿಯನ್ನು ತಾವೇ ಹೊತ್ತು, "ಹೊರಡಿ ಹೊರಡಿ, ಯಂತ್ರಕ್ಕೇನು ಹಾಲು ಕುಡಿಸಬೇಕಾ?" ಎಂದು ಗದರಿ ಮನೆಗೆ ಅಟ್ಟಿದವರು ಅವರು.

ನಮ್ಮ ನಿಲಯದಲ್ಲಿ ಮಧ್ಯಾಹ್ನದ ಹೊತ್ತು ಕಥೆ ಓದುತ್ತಿದ್ದ ವಯಸ್ಸಾದ ಹಿರಿಯರೊಬ್ಬರಿಗೆ ಲಕ್ವ ಹೊಡೆದ ಮೇಲೆ ಓದಿನ ನಡುನಡುವೆ ಮಾತು ಸಿಕ್ಕಿಕೊಳ್ಳತೊಡಗಿತು. ದನಿ ನಿಂತಿತೆಂದರೆ ಯಂತ್ರ ತಾನಾಗಿಯೇ ಹಾಡು ತುಂಬುತ್ತಿತ್ತು. ಕಾರ್ಯಕ್ರಮವನ್ನೇ ಕೈಬಿಡುವ ಮಾತು ಬಂತು.

"ಆ ಹಾಡಿನ ಯಂತ್ರ ಆರಿಸಿಬಿಟ್ಟು, ಅವರ ಮಾತು ಮರಳೋವರೆಗೂ ನಾನೇ ಕಾಯ್ತೀನಿ ಸಾರ್," ಎಂದರು ಮೇಡಂ ವ್ಯವಸ್ಥಾಪಕರಿಗೆ.

ಹಿರಿಯರಿಗೆ ನಗು. "ಏನಮ್ಮಾ, ನನ್ನ ಮೌನಾನೂ ಜರಡಿ ಹಿಡೀತೀಯಾ?"

"ಹಿಡಿದೆ ತಾತ. ಒಂದು ಕಾಳೂ ಸಿಗಲಿಲ್ಲ."

ಕೆಲವು ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಹಿರಿಯರು ಕಥೆಯ ನಡುವೆ ನಿಂತರು. ಎಂದಿನ ತಡೆಯೆಂದುಕೊಂಡು ಮೇಡಂ, ಪರದೆಯಲ್ಲಿ ದನಿಯ ಗೆರೆ ಮತ್ತೆ ಏಳಲೆಂದು ಕಾದರು. ತಲೆಯೆತ್ತಿ ಸ್ಟುಡಿಯೋ ಕಡೆಯ ಗಾಜಿನಾಚೆ ನೋಡುವ ಹೊತ್ತಿಗೆ ಹಿರಿಯರು ಮೇಜಿನ ಮೇಲೆ ಒರಗಿದ್ದರು. ಓಡಿಹೋಗಿ ಮುಟ್ಟಿದರೆ ಉಸಿರಿಲ್ಲ. ನಾವು ಆಂಬುಲೆನ್ಸಿಗೆ ಕೂಗಾಡುತ್ತಿರುವಾಗಲೇ ಮೇಡಂ ಹಿರಿಯರ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದರು.

"ಅಮ್ಮಾ, ಬೇಗ ಹೊರಟು ಬನ್ನಿ."

"ಯಾಕೆ ಮಗಳೇ?" ಎಂದರು ಹಿರಿಯರ ಪತ್ನಿ. "ಇವರು ಇನ್ನೂ ಓದ್ತಾನೇ ಇದಾರಲ್ಲ!"

ಅಡುಗೆಮನೆಯ ಹಳೆಯ ಮೊಬೈಲಿನಿಂದ ಆ ತೆಳುವಾದ ದನಿ ಮೇಡಂಗೂ ಕೇಳಿಸುತ್ತಿತ್ತು. ಅಲ್ಲಿಯೂ ಮಾತು ನಿಲ್ಲುವ ತನಕ ಅವರು ಫೋನ್ ಇಳಿಸಲಿಲ್ಲ.

ಬೇಗ ಕಂಡಿದ್ದರೂ ಉಳಿಯುತ್ತಿರಲಿಲ್ಲವೆಂದು ವೈದ್ಯರು ಹೇಳಿದರು. ಮೇಡಂ ನಂಬಲಿಲ್ಲ. ಮರುದಿನವೇ ಯಂತ್ರವನ್ನು ಮತ್ತೆ ಚಾಲೂ ಮಾಡಿದರು. ಆಮೇಲೆ ಅವರು ಯಾರ ಮೌನಕ್ಕೂ ಕಾಯಲಿಲ್ಲ, ಯಾರೊಡನೆಯೂ ತಮಾಷೆಗಿಳಿಯಲಿಲ್ಲ. ಕೆಲಸ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಅವರು ಬಹುಕಾಲ ಆರೋಗ್ಯವಾಗಿ ಬಾಳಲಿ. ಹೊಸಬರಿಗೆ ಈ ವಿದ್ಯೆ ಕಲಿಸುವೆನೆಂದು ಕೊಟ್ಟ ಮಾತು ನಡೆಯಲಿ. ಬೀಳ್ಕೊಡುಗೆಯ ದಿನ ಅವರಾಡುವ ನಾಲ್ಕು ಮಾತು ನಮ್ಮ ಎಲ್ಲ ಧಾರೆಗಳಲ್ಲೂ ಬಿತ್ತರವಾಗಲಿದೆ. ನಡುವೆ ಮಾತು ತಡೆದರೆ ಹಾಡು ನುಗ್ಗದು, ಮೇಡಂ. ಅಂದು ಯಂತ್ರ ಆರಿಸಿರುತ್ತೇವೆ. ಗಾಜಿನ ಈಚೆ ನಾವೆಲ್ಲ ನಿಮ್ಮ ಮುಖವನ್ನೇ ನೋಡುತ್ತ ಕಾಯುತ್ತೇವೆ.